ಪದ್ಮಜಾಳ ಬಿಲ್ಲಿಗೊಂದು ಆರೋ ರೆಸ್ಟ್

ಕೊರೋನಾ ಕಾಲದ ಬೀಗಗಳೆಲ್ಲ ತೆರೆದ ಮೇಲೆ ಬಂದ ಎರಡನೆಯ ಶ್ರಾವಣ. ಆಗ ನಾನು ಇಚಲಕರಂಜಿಯ ಹೊರಗೆ, ಯಡ್ರಾವದ ಹಾದಿಯಲ್ಲಿದ್ದ ಒಂದು ಬಿಲ್ಲುಗಾರಿಕೆ ಮೈದಾನದಲ್ಲಿ ಬಿಲ್ಲು ದುರಸ್ತಿಯ ಕೆಲಸಕ್ಕಿದ್ದೆ. ಹುದ್ದೆಗೆ ಹೆಸರೇನೂ ಇರಲಿಲ್ಲ. ಎಲ್ಲರೂ ಮಿಸ್ತ್ರಿ ಎನ್ನುತ್ತಿದ್ದರು. ತಗಡಿನ ಶೆಡ್ಡು, ಒಂದು ಮೇಜು, ಬಿಲ್ಲನ್ನು ಬಿಗಿಹಿಡಿಯುವ ಒಂದು ಪ್ರೆಸ್, ಒಂದು ಡಬ್ಬಿ ತುಂಬ ಸ್ಕ್ರೂ ತಿರುಗಿಸುವ ಅಲನ್ ಕೀಗಳು, ಇಷ್ಟೇ ನನ್ನ ಕಚೇರಿ.

ಅದಕ್ಕೂ ಮೊದಲು ಇಪ್ಪತ್ತೆರಡು ವರ್ಷ ಯಡ್ರಾವದ ಒಂದು ಪವರ್‌ಲೂಮ್ ಕಾರ್ಖಾನೆಯಲ್ಲಿ ಜಾಬರ್ ಆಗಿದ್ದೆ. ಜಾಬರ್ ಎಂದರೆ ಮಗ್ಗಗಳನ್ನು ರಿಪೇರಿ ಮಾಡಿ ಅವುಗಳ ಟೈಮಿಂಗ್ ಹೊಂದಿಸುವವನು. ಲಾಳಿ ಹಾರುವ ಹೊತ್ತಿಗೆ ಹಾಸಿನ ಎಳೆಗಳು ಬಾಯಿ ತೆರೆದಿರಬೇಕು, ದಾಟಿದ ಮೇಲೆ ಮುಚ್ಚಿಕೊಳ್ಳಬೇಕು. ಕಣ್ಣು ಮಿಟುಕಿಸುವಷ್ಟು ಹಿಂದೆಮುಂದಾದರೂ ಎಳೆ ಹರಿಯುತ್ತದೆ. ಒಂದು ದಿನ ಮೈದಾನದವರು ಕ್ಯಾಮ್ ಜಾರಿದ ಕಾಂಪೌಂಡ್ ಬಿಲ್ಲೊಂದನ್ನು ಹಿಡಿದುಕೊಂಡು ನಮ್ಮ ಕಾರ್ಖಾನೆಗೆ ಬಂದರು. ಕಾಂಪೌಂಡ್ ಬಿಲ್ಲಿನ ಎರಡು ತುದಿಗೂ ಗಾಲಿಯಂಥ ಕ್ಯಾಮ್ ಇರುತ್ತದೆ. ಎಳೆಯುವಾಗ ಭಾರ, ಪೂರ್ತಿ ಎಳೆದ ಮೇಲೆ ಕೈಮೇಲೆ ಉಳಿಯುವುದು ಕಾಲು ಭಾಗದಷ್ಟು ಮಾತ್ರ. ಮಗ್ಗದ ಕ್ಯಾಮ್ ನೋಡಿದವನಿಗೆ ಇದು ಹೊಸದೇನಲ್ಲ. ಅರ್ಧ ತಾಸಿನಲ್ಲಿ ಕೂರಿಸಿಕೊಟ್ಟೆ. ಅಲ್ಲಿಂದ ಮುಂದೆ ಬಿಲ್ಲುಗಳು ಬರುತ್ತಲೇ ಹೋದವು, ಕೊನೆಗೆ ಮಗ್ಗ ಬಿಟ್ಟು ನಾನೇ ಅವುಗಳ ಬಳಿಗೆ ಹೋದೆ.

ಮಗ್ಗ ಬಿಟ್ಟೆನಾದರೂ ಜಾಬರನ ಚಾಳಿ ಬಿಡಲಿಲ್ಲ. ನಮ್ಮಲ್ಲಿ ಒಂದು ಪದ್ಧತಿ ಇತ್ತು. ಸೆಟ್ಟಿಂಗ್ ಮಾಡುವಾಗ ನೇಕಾರನನ್ನು ಚಹಾಕ್ಕೆ ಕಳಿಸಿಬಿಡುವುದು. ಅವನು ಬಂದು ಏನು ಮಾಡಿದಿರಿ ಎಂದು ಕೇಳಿದರೆ, ಮಗ್ಗ ನಡೆಯುತ್ತಿದೆಯಲ್ಲ, ನಡೆಸು ಎನ್ನುವುದು. ನನಗೆ ಕೆಲಸ ಕಲಿಸಿದ ಉಸ್ತಾದರೇ ನನಗೆ ಬೆನ್ನು ಹಾಕಿ ನಿಂತು ನಟ್ಟು ಬಿಗಿಯುತ್ತಿದ್ದರು. ಕದ್ದು ನೋಡಿ ಕಲಿತವನು ನಾನು. ಗುಟ್ಟು ನಮ್ಮ ಕೈಯಲ್ಲಿದ್ದರೆ ಮತ್ತೆ ನಮ್ಮನ್ನೇ ಕರೆಯುತ್ತಾರೆ ಎಂಬುದು ಅದರ ಹಿಂದಿನ ಲೆಕ್ಕ. ಮೈದಾನದಲ್ಲೂ ಅದನ್ನೇ ನಡೆಸಿದೆ. ನನ್ನ ಮೇಜಿನ ಹತ್ತಿರ ಬಂದು ಮೂಗು ತೂರಿಸಿದ ಹುಡುಗರಿಗೆ ಬೈದು ಕಳಿಸುತ್ತಿದ್ದೆ. ಅದರಲ್ಲಿ ತಪ್ಪಿದೆ ಎಂದು ನನಗೆ ಒಮ್ಮೆಯೂ ಅನ್ನಿಸಿರಲಿಲ್ಲ.

ಆ ಶ್ರಾವಣದ ಒಂದು ಮಧ್ಯಾಹ್ನ ನಾಂದಣಿಯ ಜಿನಗೊಂಡಾ ಪಾಟೀಲರು ಮಗಳನ್ನು ಕರೆದುಕೊಂಡು ನನ್ನ ಶೆಡ್ಡಿಗೆ ಬಂದರು. ಕಬ್ಬು ಬೆಳೆಯುವ ಜೈನ ಮನೆತನ. ಮಾತು ಕಡಿಮೆ, ಆಡಿದ ಮಾತಿಗೆ ಎರಡಿಲ್ಲ. ಮಗಳು ಪದ್ಮಜಾಗೆ ಇಪ್ಪತ್ತು ನಡೆಯುತ್ತಿತ್ತು. ಎರಡು ವರ್ಷದಿಂದ ನಮ್ಮ ಮೈದಾನಕ್ಕೆ ಬರುತ್ತಿದ್ದಳು. ಅವಳ ಕೈಯಲ್ಲಿದ್ದದ್ದು ಮಾತ್ರ ಬೇಟೆಯ ಬಿಲ್ಲು. ಪರದೇಶದಲ್ಲಿರುವ ಸೋದರಮಾವ ಊರಿಗೆ ಬಂದಾಗ ತಂದುಕೊಟ್ಟದ್ದು. ಕಾಡಿನ ಎಲೆಗಳ ಬಣ್ಣ, ಮೇಲ್ಗಡೆ ಒಂದು ಜಿಂಕೆಯ ಚಿತ್ರ. ಸ್ಪರ್ಧೆಯಲ್ಲಿ ಆ ಬಣ್ಣ ನಡೆಯುವುದಿಲ್ಲ, ಮನೆಯಲ್ಲಿ ಆ ಚಿತ್ರ ನಡೆಯುವುದಿಲ್ಲ. ಹಾಗಾಗಿ ಇಡೀ ಬಿಲ್ಲಿಗೆ ನೀಲಿ ಟೇಪು ಸುತ್ತಿದ್ದಳು. ಹಿಡಿಕೆಯ ಚರ್ಮದ ಪಟ್ಟಿಯನ್ನು ತಂದೆಯೇ ಬಿಚ್ಚಿ ಕ್ಯಾನ್‌ವಾಸಿನದು ಹೊಲಿದಿದ್ದರು.

ಒಂಬತ್ತು ದಿನ ಕಳೆದರೆ ಗಡಹಿಂಗ್ಲಜದಲ್ಲಿ ಆಯ್ಕೆಯ ಸ್ಪರ್ಧೆ. ಇಪ್ಪತ್ತೊಂದರ ಒಳಗಿನವರ ವಿಭಾಗದಲ್ಲಿ ಅವಳಿಗೆ ಅದು ಕೊನೆಯ ವರ್ಷ. ಮೊದಲ ನಾಲ್ವರಿಗೆ ಜಿಲ್ಲೆಯ ತಂಡದಲ್ಲಿ ಜಾಗ. ಜೈನರ ಹುಡುಗಿ ಬೇಟೆಯ ಬಿಲ್ಲು ಹಿಡಿದಿದ್ದಾಳೆಂದು ಊರಲ್ಲಿ ನಾಲ್ಕು ಜನ ಆಡಿಕೊಳ್ಳುತ್ತಿದ್ದರಂತೆ. ಅವರಿಗೆಲ್ಲ ಜಿನಗೊಂಡಾ ಒಂದೇ ಉತ್ತರ ಕೊಟ್ಟಿದ್ದರು. ಈ ಆಯ್ಕೆಯಲ್ಲಿ ನಾಲ್ವರೊಳಗೆ ಬಂದರೆ ಮಗಳು ಮುಂದೆ ಹೋಗುತ್ತಾಳೆ, ಬರದಿದ್ದರೆ ಬಿಲ್ಲು ಅಟ್ಟ ಸೇರುತ್ತದೆ. ಇದನ್ನು ಅವರು ನನ್ನೆದುರಿಗೂ ಹೇಳಿದರು. ಪದ್ಮಜಾ ತಲೆ ತಗ್ಗಿಸಲಿಲ್ಲ, ಬಿಲ್ಲನ್ನು ಮೇಜಿನ ಮೇಲಿಟ್ಟು ಐವತ್ತು ಮೀಟರಿಗೆ ಬಾಣಗಳು ಚದುರುತ್ತಿವೆ ಎಂದು ಕೆಲಸದ ಮಾತಿಗೇ ಬಂದಳು.

ಚದುರುವ ಕಾರಣ ಬಿಲ್ಲು ನೋಡಿದ ಕೂಡಲೇ ಗೊತ್ತಾಯಿತು. ಬಿಡುವ ಮೊದಲು ಬಾಣ ಕೂತಿರುವ ಜಾಗಕ್ಕೆ ಆರೋ ರೆಸ್ಟ್ ಎನ್ನುತ್ತಾರೆ. ಅವಳ ಬಿಲ್ಲಿಗಿದ್ದದ್ದು ಬೇಟೆಗಾರರು ಬಳಸುವ ಥರದ್ದು. ಒಂದು ಬಳೆ, ಅದರೊಳಗೆ ಸುತ್ತಲೂ ಬ್ರಷ್ಷಿನಂತೆ ಗಡುಸು ಕೂದಲು. ಬಾಣ ಆ ಕೂದಲಿನ ನಡುವೆ ಕೂತಿರುತ್ತದೆ. ಪೊದೆಯಲ್ಲಿ ನುಸುಳಿದರೂ, ಬಿಲ್ಲನ್ನು ಓರೆ ಹಿಡಿದರೂ ಬಾಣ ಬೀಳುವುದಿಲ್ಲ. ಬೇಟೆಗೆ ಅದು ಚೆನ್ನ. ಆದರೆ ಬಾಣ ಹೊರಡುವಾಗ ಹಿಂದಿನ ರೆಕ್ಕೆಗಳು ಅದೇ ಕೂದಲನ್ನು ಉಜ್ಜಿಕೊಂಡು ದಾಟಬೇಕು. ಇಪ್ಪತ್ತು ಮೀಟರಿಗೆ ಅದು ಕಾಣುವುದಿಲ್ಲ, ಐವತ್ತಕ್ಕೆ ಎದ್ದು ಕಾಣುತ್ತದೆ. ಅವಳ ಬಾಣಗಳ ರೆಕ್ಕೆಯ ಅಂಚು ಒಣಗಿದ ಎಲೆಯಂತೆ ಸುರುಟಿತ್ತು.

ನಾನು ಬಳೆಗೆ ಕೈ ಹಾಕುವ ಮೊದಲೇ ಜಿನಗೊಂಡಾ ಬಾಗಿ ಅದನ್ನು ನೋಡಿದರು. ಎರಡು ವರ್ಷದಿಂದ ಕಂಡಿದ್ದರೂ ಹತ್ತಿರದಿಂದ ನೋಡಿರಲಿಲ್ಲವೇನೋ.

“ಮಿಸ್ತ್ರಿ, ಈ ಕೂದಲ ಯಾವುದರದು? ಹಂದೀದ ಇದ್ರ ಬಿಲ್ಲು ಈಗಿಂದೀಗ ಇಲ್ಲೇ ಬಿಟ್ಟ ಹೋಗ್ತೇನಿ.”

 ಬ್ರಷ್ಷಿಗೆ ಹಂದಿಯ ಕೂದಲು ಬಳಸುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಇದು ಯಾವುದರದು ಎಂಬುದು ನನಗೂ ಗೊತ್ತಿರಲಿಲ್ಲ. ಪ್ಲಾಸ್ಟಿಕ್ಕು ಎಂದು ಬಾಯಿಮಾತಿಗೆ ಹೇಳಿ ಸಾಗಹಾಕಬಹುದಿತ್ತು, ಆ ಮನುಷ್ಯನ ಮುಖ ನೋಡಿ ಹೇಳಲಾಗಲಿಲ್ಲ. ನಮ್ಮ ಇಚಲಕರಂಜಿಯಲ್ಲಿ ನೂಲಿನ ಜಾತಿ ತಿಳಿಯಲು ಒಂದು ಎಳೆ ಸುಟ್ಟು ನೋಡುತ್ತಾರೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಬೂದಿ ಉದುರುತ್ತದೆ. ಉಣ್ಣೆ, ರೇಷ್ಮೆಯಾದರೆ ತಲೆಗೂದಲು ಸುಟ್ಟ ವಾಸನೆ. ನೈಲಾನ್, ಪಾಲಿಯೆಸ್ಟರ್ ಆದರೆ ಕರಗಿ ಗುಂಡಗಾಗುತ್ತದೆ. ಬಳೆಯಿಂದ ಒಂದು ಕಪ್ಪು ಕೂದಲು, ಒಂದು ಕಂದು ಕೂದಲು ಕಿತ್ತು ಅವರ ಎದುರಿಗೇ ಕಡ್ಡಿ ಗೀರಿದೆ. ಎರಡೂ ಕರಗಿ ಸಾಸಿವೆ ಕಾಳಿನಷ್ಟು ಗುಂಡಾದವು. ಜಿನಗೊಂಡಾ ಆರಿದ ಕಾಳನ್ನು ಬೆರಳಲ್ಲಿ ತಿಕ್ಕಿ ಮೂಸಿ ನೋಡಿದರು, ನೂಲಿನ ಊರಿನ ಪಕ್ಕದವರು, ಅವರಿಗೂ ಪರೀಕ್ಷೆ ಗೊತ್ತು. ತಲೆಯಾಡಿಸಿ ಸ್ಟೂಲಿನ ಮೇಲೆ ಕೂತರು.

ಬಳೆಯ ಮೇಲಿನ ಅಪವಾದ ಹೋಯಿತು, ನಿಜ. ಆದರೂ ಅದನ್ನು ತೆಗೆಯಲೇಬೇಕಿತ್ತು. ಬದಲಿಗೆ ಎರಡು ದಾರಿ. ಮೊದಲನೆಯದು ಬ್ಲೇಡ್ ರೆಸ್ಟ್. ತೆಳುವಾದ ಸ್ಪ್ರಿಂಗ್ ಉಕ್ಕಿನ ಪಟ್ಟಿ, ತುದಿಯಲ್ಲಿ ಸಣ್ಣ ಕಚ್ಚು, ಬಾಣ ಆ ಕಚ್ಚಿನಲ್ಲಿ ಕೂರುತ್ತದೆ. ಗುರಿಪಂದ್ಯದವರು ಬಹಳ ಜನ ಇದನ್ನೇ ಬಳಸುತ್ತಾರೆ. ಅಲುಗಾಡುವ ಭಾಗಗಳಿಲ್ಲ, ಕೆಡುವುದು ಕಡಿಮೆ. ಆದರೆ ಕೈ ಸ್ವಲ್ಪ ನಡುಗಿದರೂ, ಗಾಳಿ ಬೀಸಿದರೂ ಬಾಣ ಜಾರಿ ಬೀಳುತ್ತದೆ. ಎರಡನೆಯದು ಡ್ರಾಪ್ ಅವೇ. ಇದರ ತೋಳು ಕೆಳಗೆ ಮಲಗಿರುತ್ತದೆ. ತೋಳಿನಿಂದ ಒಂದು ದಾರವನ್ನು, ಕ್ಯಾಮ್‌ಗಳನ್ನು ಎಳೆಯುವ ಕೇಬಲ್ಲಿಗೆ ಕಟ್ಟಿರುತ್ತಾರೆ. ಬಿಲ್ಲು ಎಳೆದಂತೆ ದಾರ ಜಗ್ಗಿ ತೋಳು ಮೇಲೆದ್ದು ಬಾಣ ಹೊರುತ್ತದೆ. ಬಿಟ್ಟ ಕೂಡಲೇ ದಾರ ಸಡಿಲಾಗಿ ತೋಳು ಕೆಳಗೆ ಬಿದ್ದುಬಿಡುತ್ತದೆ, ರೆಕ್ಕೆಗಳು ಯಾವುದಕ್ಕೂ ತಾಗದೆ ದಾಟುತ್ತವೆ. ಎಲ್ಲವೂ ಆ ದಾರದ ಉದ್ದದ ಮೇಲೆ ನಿಂತಿದೆ. ಉದ್ದವಾದರೆ ತೋಳು ಪೂರ್ತಿ ಏಳುವುದಿಲ್ಲ, ಗಿಡ್ಡವಾದರೆ ಬೀಳುವುದು ತಡವಾಗುತ್ತದೆ.

ನಮ್ಮ ಕೋಚ್ ಸಾವಂತ ಮ್ಯಾಡಮ್ ಬ್ಲೇಡ್ ಹಾಕಿ ಎಂದರು. ಮರಾಠಿ ಮಾತಿನ, ಶಾಂತ ಸ್ವಭಾವದ ಹೆಂಗಸು. “ಸಾಧಂ ಠೇವಾ, ಮಿಸ್ತ್ರಿ,” ಎಂದರು, ಸರಳವಾಗಿಡಿ ಎಂದು. ನಾನು ಒಪ್ಪಲಿಲ್ಲ. ಪದ್ಮಜಾಗೆ ಎಳೆದು ಹಿಡಿದಾಗ ಎಡಗೈ ಒಂದು ಕ್ಷಣ ಅದುರುವ ಅಭ್ಯಾಸವಿತ್ತು. ಕೂದಲಿನ ಬಳೆ ಅದನ್ನು ಎರಡು ವರ್ಷ ಮುಚ್ಚಿಟ್ಟಿತ್ತು. ಮ್ಯಾಡಮ್ ಮಾತಿಗೆ ಬ್ಲೇಡ್ ಹಾಕಿ ನೋಡಿದ ದಿನವೇ ಹನ್ನೆರಡು ಬಾಣಗಳಲ್ಲಿ ಮೂರು ಜಾರಿ ನೆಲಕ್ಕೆ ಬಿದ್ದವು. ಒಂಬತ್ತು ದಿನದಲ್ಲಿ ಕೈ ತಿದ್ದಲಾಗದು, ಡ್ರಾಪ್ ಅವೇ ಹಾಕೋಣ ಎಂದು ಹಟ ಹಿಡಿದೆ. ಕಾರಣ ಸರಿಯಾದದ್ದೇ. ಆದರೆ ಅದರ ಹಿಂದೆ ಇನ್ನೊಂದು ಕಾರಣವೂ ಇತ್ತು, ಈಗ ಮುಚ್ಚಿಡುವುದೇಕೆ. ಟೈಮಿಂಗ್ ಎಂದರೆ ನನ್ನ ಹೊಲ. ಅದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಸೊಕ್ಕು ನೆತ್ತಿಗೇರಿತ್ತು.

ಮರುದಿನ ಕೊಲ್ಹಾಪುರಕ್ಕೆ ಹೋದೆ. ಅಂಗಡಿಗಳಲ್ಲಿ ತರಿಸಿಕೊಡುತ್ತೇವೆ, ಹದಿನೈದು ದಿನವಾಗುತ್ತದೆ ಎಂದರು. ಕೊನೆಗೆ ಪರಿಚಯದ ಒಬ್ಬ ಹಿರಿಯ ಬಿಲ್ಲುಗಾರ, ತಾನು ಬಿಟ್ಟ ಹಳೆಯ ಡ್ರಾಪ್ ಅವೇ ಒಂದನ್ನು ಕೊಟ್ಟ. ಒಳ್ಳೆಯ ಸ್ಥಿತಿಯಲ್ಲಿತ್ತು. ಆದರೆ ಅದರ ದಾರವನ್ನು ಅವನು ಕತ್ತರಿಸಿ ಗಿಡ್ಡ ಮಾಡಿದ್ದ. ಪದ್ಮಜಾಳ ಬಿಲ್ಲಿಗೆ ಮೂರು ಬೆರಳಗಲ ಕಡಿಮೆ ಬಿತ್ತು. ಅದಕ್ಕೆಂದೇ ಬರುವ ಪಾಲಿಯೆಸ್ಟರ್ ದಾರ ತರಿಸಲು ಮತ್ತೆ ದಿನಗಳು ಬೇಕು. ಮೀನು ಹಿಡಿಯುವ ನೈಲಾನ್ ಎಳೆ ಕಟ್ಟಿ ನೋಡಿದೆ, ಗಂಟು ಜಾರಿತು. ನನ್ನ ಡಬ್ಬಿಯಲ್ಲಿ ಮಗ್ಗಕ್ಕೆ ಕಟ್ಟುವ ಹೊಸೆದ ಹತ್ತಿಯ ದಾರವಿತ್ತು. ಮೇಣ ಹಚ್ಚಿದ್ದು, ಗಂಟು ಹಾಕಿದರೆ ಕಚ್ಚಿ ಕೂರುತ್ತದೆ. ಕೈಯಲ್ಲಿ ಇದ್ದದ್ದರಲ್ಲೇ ಮಗ್ಗ ನಡೆಸುವವನು ನಿಜವಾದ ಜಾಬರ್ ಎಂದು ನಾವು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದ ಕಾಲವದು. ಆ ದಾರವನ್ನೇ ಕಟ್ಟಿದೆ.

ಕಟ್ಟುವಾಗ ಪದ್ಮಜಾಳನ್ನು ಚಹಾ ತರಲು ಕಳಿಸಿದೆ. ಅವಳು ಬಂದು, ಏನು ಮಾಡಿದಿರಿ ಮಾಮಾ ಎಂದು ಕೇಳಿದಳು. ಹೊಡೆದು ನೋಡು, ಅದಕ್ಕೆ ಮಾತ್ರ ಕೈ ಹಚ್ಚಬೇಡ ಎಂದೆ. ರೆಕ್ಕೆಗಳಿಗೆ ಮುಖದ ಪೌಡರ್ ಬಳಿದು ಆರು ಬಾಣ ಹೊಡೆಸಿದೆ. ತೋಳು ರೆಕ್ಕೆಗೆ ತಾಗಿದರೆ ಪೌಡರಿನಲ್ಲಿ ಗೆರೆ ಮೂಡುತ್ತದೆ. ಒಂದು ಗೆರೆಯೂ ಇರಲಿಲ್ಲ. ಆಮೇಲಿನ ಐದು ದಿನ ಅವಳ ಬಾಣಗಳು ಐವತ್ತು ಮೀಟರಿನಲ್ಲಿ ಅಂಗೈಯಗಲದ ಜಾಗದಲ್ಲಿ ಕೂರತೊಡಗಿದವು. ಆರು ಬಾಣಕ್ಕೆ ಅರವತ್ತು ಅಂಕ, ಅವಳು ಐವತ್ತಾರು, ಐವತ್ತೇಳು ಮಾಡುತ್ತಿದ್ದಳು. ಸೂರ್ಯ ಮುಳುಗುವ ಮೊದಲು ಊಟ ಮುಗಿಸುವ ಮನೆಯವಳು, ಅದಕ್ಕೆ ಸಂಜೆ ಐದಕ್ಕೇ ಅಭ್ಯಾಸ ನಿಲ್ಲಿಸಿ ನಾಂದಣಿಯ ದಾರಿ ಹಿಡಿಯುತ್ತಿದ್ದಳು. ಹೀಗಾಗಿ ನಾವು ಹೊಡೆದದ್ದೆಲ್ಲ ಮಧ್ಯಾಹ್ನದ ಹೊತ್ತಿನಲ್ಲಿ. ಆ ವಾರ ಇಚಲಕರಂಜಿಯಲ್ಲಿ ಮಳೆ ಪೂರ್ತಿ ಬಿಟ್ಟಿತ್ತು. ಬಿಸಿಲು ಚುರುಗುಟ್ಟುತ್ತಿತ್ತು.

ಗಡಹಿಂಗ್ಲಜ ನನ್ನ ಹುಟ್ಟೂರಿನ ಸೀಮೆ. ಅಲ್ಲಿಯ ಶ್ರಾವಣ ಹೇಗಿರುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಘಟ್ಟದ ಕಡೆಯಿಂದ ಬರುವ ತುಂತುರು ಬೆಳಿಗ್ಗೆ ಹಿಡಿದರೆ ಬಿಡುವುದಿಲ್ಲ, ಒಗೆದ ಬಟ್ಟೆ ಮೂರು ದಿನ ಒಣಗುವುದಿಲ್ಲ. ಸ್ಪರ್ಧೆಯ ಬೆಳಿಗ್ಗೆ ಅದೇ ತುಂತುರು ಬೀಳುತ್ತಿತ್ತು. ಛತ್ರಿ ಹಿಡಿದು ಕಾಲೇಜಿನ ಮೈದಾನಕ್ಕೆ ಹೋದೆವು. ಜಿನಗೊಂಡಾ ಊಟದ ಡಬ್ಬಿ ಹಿಡಿದು ಹಗ್ಗದ ಆಚೆ ನಿಂತರು. ಒಟ್ಟು ಎಪ್ಪತ್ತೆರಡು ಬಾಣ. ಆರಾರು ಬಾಣದ ಆರು ಸರದಿ, ನಡುವೆ ಬಿಡುವು, ಮತ್ತೆ ಆರು ಸರದಿ. ಒಂದೊಂದು ಸರದಿಗೆ ನಾಲ್ಕು ನಿಮಿಷ.

ಮೊದಲ ಸರದಿಯಲ್ಲಿ ಐವತ್ತಾರು ಬಂತು. ನಾನು ಮ್ಯಾಡಮ್ ಕಡೆ ನೋಡಿ ಮೀಸೆಯಡಿ ನಕ್ಕೆ. ಎರಡನೆಯದರಲ್ಲಿ ಐವತ್ತೆರಡು. ಮೂರನೆಯದರಲ್ಲಿ ನಲವತ್ತೊಂಬತ್ತು, ನಾಲ್ಕನೆಯದರಲ್ಲಿ ನಲವತ್ತೇಳು. ಬಾಣಗಳು ಬಾಲ ಅಲ್ಲಾಡಿಸುತ್ತ ಹೋಗುತ್ತಿದ್ದವು. ದುರ್ಬೀನು ಕಣ್ಣಿಗಿಟ್ಟಿದ್ದ ಮ್ಯಾಡಮ್ ಏನಾಗುತ್ತಿದೆ ಎಂದು ಕೇಳಿದರು. ಹುಡುಗಿಯ ಕೈ ಅದುರುತ್ತಿದೆ, ಹೆದರಿದ್ದಾಳೆ ಎಂದು ನಾನು ಥಟ್ಟನೆ ಹೇಳಿದೆ. ಬಿಲ್ಲಿನ ಮೇಲೆ ಅನುಮಾನವೇ ಬರಲಿಲ್ಲ, ಅದನ್ನು ಸೆಟ್ ಮಾಡಿದವನು ನಾನಲ್ಲವೇ. ಮ್ಯಾಡಮ್ ಹೋಗಿ ಅವಳಿಗೆ ಉಸಿರು ನಿಧಾನ ಮಾಡು, ಕೈ ಗಟ್ಟಿ ಹಿಡಿ ಎಂದು ಹೇಳಿ ಬಂದರು. ಅವಳು ತಲೆಯಾಡಿಸಿ ಮತ್ತೆ ಬಾಣ ಬಿಡುವ ಗೆರೆಗೆ ನಿಂತಳು. ಉಳಿದ ಎರಡು ಸರದಿಗಳಲ್ಲಿ ಐವತ್ತು, ನಲವತ್ತೆಂಟು. ಅರ್ಧಕ್ಕೆ ಮುನ್ನೂರ ಎರಡು ಅಂಕ, ಹನ್ನೊಂದನೆಯ ಸ್ಥಾನ.

ಬಿಡುವಿನಲ್ಲಿ ಬಾಣಗಳನ್ನು ಒರೆಸಲೆಂದು ಕೈಗೆ ತೆಗೆದುಕೊಂಡೆ. ಆರರಲ್ಲಿ ನಾಲ್ಕರ ಕೆಳಗಿನ ರೆಕ್ಕೆಯ ಅಂಚು ಕೆರೆದುಹೋಗಿತ್ತು, ಎಲ್ಲದಕ್ಕೂ ಒಂದೇ ಜಾಗದಲ್ಲಿ.  ಬಿಲ್ಲು ತೆಗೆದುಕೊಂಡು ದಾರ ಮುಟ್ಟಿದೆ. ತಂತಿಯಂತೆ ಬಿಗಿದಿತ್ತು. ಹೊಸೆದ ಹತ್ತಿಯ ದಾರ ತೇವ ಕುಡಿದರೆ ದಪ್ಪವಾಗಿ ಉದ್ದ ಕಡಿಮೆಯಾಗುತ್ತದೆ. ಇದನ್ನು ಯಡ್ರಾವದಲ್ಲಿ ನಿನ್ನೆ ಮೊನ್ನೆ ಬಂದ ಹೆಲ್ಪರೂ ಬಲ್ಲ. ಮೇಣ ಹಚ್ಚಿದೆನೆಂದು ನಾನು ಧೈರ್ಯವಾಗಿದ್ದೆ, ಗಂಟಿನ ಹತ್ತಿರ ಮೇಣ ಕೆರೆದು ಬಿರುಕು ಬಿಟ್ಟಿತ್ತು. ದಾರ ಮೂರು ಮಿಲಿಮೀಟರ್ ಗಿಡ್ಡವಾಗಿತ್ತು. ತೋಳು ಬೇಗ ಎದ್ದು ತಡವಾಗಿ ಬೀಳುತ್ತಿತ್ತು, ರೆಕ್ಕೆಗಳು ಅದಕ್ಕೆ ಬಡಿದು ಹೋಗುತ್ತಿದ್ದವು. ಅವಳ ಕೈಯದು ಏನೂ ತಪ್ಪಿರಲಿಲ್ಲ.

ಪದ್ಮಜಾಳನ್ನು ಕರೆದು ಇದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಹೇಳದೆ ಗಂಟು ಸರಿಸಿ ಕೊಟ್ಟುಬಿಡುವ ಆಸೆ ಒಂದು ಕ್ಷಣ ಬಂದದ್ದು ಸುಳ್ಳಲ್ಲ. ಅವಳು ಬಯ್ಯಬಹುದೆಂದು ಕಾದೆ. ಅವಳು ದಾರವನ್ನು ಬೆರಳಿನಿಂದ ಒಮ್ಮೆ ಮೀಟಿದಳು.

“ಬೆಳಿಗ್ಗೆನ ನನಗ ಕಂಡಿತ್ರಿ, ಮಾಮಾ. ಎಳಿಯೋವಾಗ ತೋಳ ಲಗೂನ ಏಳಾಕತ್ತಿತ್ತು. ನಿಮ್ಮ ಸೆಟ್ಟಿಂಗ್ ಐತಿ, ನಾ ಯಾಕ ಬಾಯಿ ಹಾಕ್ಲಿ ಅಂತ ಸುಮ್ನಾದೆ.”

 ತೊಂದರೆ ನನಗಿಂತ ಮೊದಲು ಕಂಡದ್ದು ಅವಳಿಗೆ. ಬಾಯಿ ಬಿಡದಂತೆ ಮಾಡಿದವನು ನಾನು. ಆ ಮೂವತ್ತಾರು ಬಾಣಗಳನ್ನು ಅವಳು ಕೆಟ್ಟಿದೆ ಎಂದು ಗೊತ್ತಿದ್ದೂ ನನ್ನ ಮರ್ಯಾದೆ ಉಳಿಸಲೆಂದು ಹೊಡೆದಿದ್ದಳು, ಮೇಲಿಂದ ಕೈ ಅದುರುತ್ತದೆ ಎಂಬ ಮಾತನ್ನೂ ಕೇಳಿಸಿಕೊಂಡಿದ್ದಳು. ಆದರೂ ಚಾಳಿ ನೋಡಿ, ಆ ಗಳಿಗೆಯಲ್ಲೂ ನನ್ನ ಬಾಯಿಂದ ಬಂದದ್ದು, ಇನ್ನೊಂದು ಗಂಟು ಹಾಕಿ ಉದ್ದ ಮಾಡಿಕೊಡುತ್ತೇನೆ ಎಂಬ ಮಾತೇ. ಅದು ಮತ್ತೆ ತೇವ ಕುಡಿದರೆ, ಅಥವಾ ಬಿಸಿಲು ಬಿದ್ದು ಒಣಗಿದರೆ ಏನಾಗುತ್ತದೆಂದು ನನಗೇ ಗೊತ್ತಿರಲಿಲ್ಲ, ಹೊಡೆದು ನೋಡಲು ಜಾಗವೂ ಇರಲಿಲ್ಲ.

ಪದ್ಮಜಾ ಮೈದಾನದ ಕಡೆ ನೋಡಿದಳು. ಮಳೆ ನಿಲ್ಲುವ ಹಾಗೆ ಇರಲಿಲ್ಲ.

“ಬ್ಯಾಡ್ರಿ ಮಾಮಾ. ಬ್ಲೇಡ್ ಹಾಕ್ರಿ. ಬಾಣ ಬಿದ್ರ ನಾ ಎತ್ತಿ ಇಟ್ಕೋತೇನಿ.”

ಸಾವಂತ ಮ್ಯಾಡಮ್ ತಮ್ಮ ಪೆಟ್ಟಿಗೆಯಿಂದ ಬ್ಲೇಡ್ ತೆಗೆದುಕೊಟ್ಟರು. ನಾನು ಹೇಳಿದ್ದೆನಲ್ಲ ಎಂಬ ಮಾತು ಅವರ ಬಾಯಿಂದ ಬರಲಿಲ್ಲ, ಅದಕ್ಕೆ ಅವರಿಗೆ ಇಂದಿಗೂ ಋಣಿ. ಹನ್ನೆರಡು ನಿಮಿಷವಿತ್ತು. ಡ್ರಾಪ್ ಅವೇ ಬಿಚ್ಚಿ, ಬ್ಲೇಡ್ ಕೂರಿಸಿ, ಎತ್ತರ ಹಾಗೂ ನಡುಗೆರೆ ಅಳೆದೆ. ಈ ಸಲ ಪದ್ಮಜಾಳನ್ನು ಎದುರಿಗೇ ನಿಲ್ಲಿಸಿಕೊಂಡೆ. ಒಂದೊಂದು ಸ್ಕ್ರೂ ತಿರುಗಿಸುವಾಗಲೂ ಇದು ಎತ್ತರದ್ದು, ಇದು ಪಕ್ಕಕ್ಕೆ ಸರಿಸುವುದು, ಬಾಣ ಎಡಕ್ಕೆ ಹೋದರೆ ಹೀಗೆ ಎಂದು ಹೇಳುತ್ತಾ ಹೋದೆ. ಕೊನೆಯ ಸ್ಕ್ರೂ ಅವಳ ಕೈಯಿಂದಲೇ ಬಿಗಿಸಿದೆ. ಗಂಟೆ ಹೊಡೆಯಿತು.

ಪ್ರಯತ್ನಕ್ಕೆಂದು ಒಂದು ಬಾಣವೂ ಇಲ್ಲ, ಲೆಕ್ಕಕ್ಕೆ ಬರುವ ಬಾಣಗಳಲ್ಲೇ ಅವಳು ಬಿಲ್ಲಿನ ಮೇಲಿನ ಗುರಿ ನೋಡುವ ಕಿಂಡಿ ಹೊಂದಿಸಿಕೊಳ್ಳಬೇಕು. ಮೊದಲ ಸರದಿಯಲ್ಲಿ ಐವತ್ತೊಂದು. ಎರಡನೆಯ ಸರದಿಯ ಮೂರನೆಯ ಬಾಣ ಎಳೆಯುತ್ತಿದ್ದಂತೆ ಜಾರಿ ಕಾಲ ಬಳಿ ಬಿತ್ತು.  ಹಾಗೆ ಕೈಗೆಟುಕುವ ಹತ್ತಿರ ಬಿದ್ದ ಬಾಣ ಹೊಡೆದ ಲೆಕ್ಕಕ್ಕೆ ಬರುವುದಿಲ್ಲ, ಎತ್ತಿ ಮತ್ತೆ ಹೊಡೆಯಬಹುದು, ಆದರೆ ಗಡಿಯಾರ ನಿಲ್ಲುವುದಿಲ್ಲ. ಅವಳು ಅವಸರ ಮಾಡಲಿಲ್ಲ. ಬಾಗಿದಳು, ಎತ್ತಿದಳು, ಅಂಗಿಯ ತುದಿಗೆ ಕೆಸರು ಒರೆಸಿದಳು, ಮತ್ತೆ ಇಟ್ಟಳು. ಐವತ್ತನಾಲ್ಕು ಬಂತು. ಒಟ್ಟು ಏಳು ಸಲ ಬಾಣ ಬಿತ್ತು, ಏಳು ಸಲವೂ ಹೀಗೆಯೇ ಎತ್ತಿದಳು. ಒಮ್ಮೆಯಂತೂ ನಾಲ್ಕು ನಿಮಿಷ ಮುಗಿಯಲು ಐದು ಸೆಕೆಂಡ್ ಇದ್ದಾಗ ಕೊನೆಯ ಬಾಣ ಬಿಟ್ಟಳು, ಅದು ಗುರಿಹಲಗೆಯ ಹಳದಿ ವೃತ್ತದ ನಡುವಿಗೇ ಹೋಯಿತು. ಹಗ್ಗದ ಆಚೆ ಜಿನಗೊಂಡಾ ಛತ್ರಿ ಮಡಚಿ ಮಳೆಯಲ್ಲೇ ನಿಂತಿದ್ದರು, ಅದು ಅವರಿಗೆ ಗೊತ್ತಿದ್ದಂತೆ ಕಾಣಲಿಲ್ಲ. ಐವತ್ತಾರು, ಐವತ್ತೈದು, ಐವತ್ತೇಳು, ಐವತ್ತಾರು. ಆ ಅರ್ಧದಲ್ಲಿ ಮುನ್ನೂರ ಇಪ್ಪತ್ತೊಂಬತ್ತು.

ಹನ್ನೊಂದರಿಂದ ಐದಕ್ಕೆ ಬಂದಳು. ಒಟ್ಟು ಆರುನೂರ ಮೂವತ್ತೊಂದು. ನಾಲ್ಕನೆಯವಳದು ಆರುನೂರ ಮೂವತ್ತಮೂರು. ಎರಡೇ ಎರಡು ಅಂಕ.

ಪಟ್ಟಿ ಓದಿದಾಗ ಪದ್ಮಜಾ ಅಳಲಿಲ್ಲ. ಕೂತು ಬಾಣಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕುತ್ತಿದ್ದಳು. ನಾನು ಅವಳನ್ನು ದಾಟಿ ನೇರ ಅವಳ ತಂದೆಯ ಹತ್ತಿರ ಹೋದೆ. ಮ್ಯಾಡಮ್ ಇದ್ದರು, ಬೇರೆ ಊರುಗಳ ಕೋಚುಗಳೂ ಇದ್ದರು. ಅವರೆಲ್ಲರೆದುರು ನಾನು ಕಟ್ಟಿದ ದಾರದ ಕಥೆ ಹೇಳಿದೆ. ತೇವದ್ದು, ಮೂರು ಮಿಲಿಮೀಟರಿನದು, ಮಗಳಿಗೆ ಕಂಡರೂ ನನ್ನ ಬಿಗುವಿನಿಂದಾಗಿ ಅವಳು ಸುಮ್ಮನಿದ್ದದ್ದು, ಅವಳ ಕೈ ಅದುರುತ್ತಿದೆ ಎಂದು ನಾನು ಸುಳ್ಳು ದೂರಿದ್ದು, ಒಂದನ್ನೂ ಬಿಡಲಿಲ್ಲ.  ಬಿಲ್ಲು ಅಟ್ಟಕ್ಕೆ ಹೋಗುವುದಾದರೆ ಯಾರ ತಪ್ಪಿಗೆ ಹೋಗುತ್ತಿದೆ ಎಂಬುದು ಆ ಮನುಷ್ಯನಿಗೆ ಗೊತ್ತಿರಬೇಕಿತ್ತು.

 ಜಿನಗೊಂಡಾ ಮಗಳ ಕಡೆ ತಿರುಗಿದರು. ಅವಳ ಅಂಗಿಯ ತುದಿ ಪೂರ್ತಿ ಕೆಸರಾಗಿತ್ತು.

“ಹಂಗಾದ್ರ ಈ ಸಲದ್ದು ಲೆಕ್ಕಕ್ಕಿಲ್ಲ,” ಎಂದರು. “ಊರವರಿಗೆ ನಾ ಹೇಳ್ತೇನಿ. ನೀವು ಅಕಿಗೆ ಎಲ್ಲಾ ಕಲಿಸ್ರಿ.”

ಮರುದಿನವೇ ಪದ್ಮಜಾ ಶೆಡ್ಡಿಗೆ ಬಂದಳು. ಬಿಲ್ಲನ್ನು ಪ್ರೆಸ್ಸಿಗೆ ಹಾಕಿ ಎರಡೂ ಕ್ಯಾಮ್ ಬಿಚ್ಚುವುದರಿಂದ ಶುರು ಮಾಡಿದೆವು. ಇಪ್ಪತ್ತೆರಡು ವರ್ಷ ಮಗ್ಗದಲ್ಲಿ, ಎಂಟು ವರ್ಷ ಮೈದಾನದಲ್ಲಿ ನಾನು ಬೆನ್ನ ಹಿಂದೆ ಬಚ್ಚಿಟ್ಟದ್ದನ್ನೆಲ್ಲ ಮೇಜಿನ ಮೇಲೆ ಹರವಿದೆ. ಎಷ್ಟು ದೊಡ್ಡ ವಿದ್ಯೆ ಎಂದುಕೊಂಡಿದ್ದೆ, ಮೂರು ವಾರದಲ್ಲಿ ಕಲಿತುಬಿಟ್ಟಳು. ಬೇರೆ ಹುಡುಗರನ್ನೂ ಕರೆದೆ, ಬೈಗುಳ ತಿಂದು ಅಭ್ಯಾಸವಾದವರು ಮೊದಮೊದಲು ಬಾಗಿಲಲ್ಲೇ ನಿಲ್ಲುತ್ತಿದ್ದರು. ಪದ್ಮಜಾ ಮುಂದಿನ ವರ್ಷ ಹಿರಿಯರ ವಿಭಾಗದಲ್ಲಿ ಏಳನೆಯವಳಾದಳು. ಅದರ ಮರುವರ್ಷ ಮೂರನೆಯವಳಾಗಿ ತಂಡಕ್ಕೆ ಹೋದಳು. ಬ್ಲೇಡ್ ರೆಸ್ಟಿನಲ್ಲೇ ಹೊಡೆದಳು. ಯಾಕೆ ಅದನ್ನೇ ಆರಿಸಿದೆ ಎಂದು ಒಮ್ಮೆ ಕೇಳಿದ್ದೆ. ಬಾಣ ಬಿದ್ದರೆ ತಪ್ಪು ನನ್ನ ಕೈಯದೇ ಎಂದು ಗೊತ್ತಾಗುತ್ತದೆ, ಅನುಮಾನಕ್ಕೆ ಜಾಗವಿಲ್ಲ ಎಂದಳು.

ಈಗ ಕಣ್ಣು ಮಂದವಾಗಿ ಕೆಲಸ ಬಿಟ್ಟಿದ್ದೇನೆ. ಯಾವ ಆರೋ ರೆಸ್ಟ್ ಒಳ್ಳೆಯದು ಎಂದು ಹೊಸಬರು ಫೋನು ಮಾಡಿ ಕೇಳುತ್ತಾರೆ. ನೀನು ಬಿಚ್ಚಿ ಮತ್ತೆ ಕೂರಿಸಬಲ್ಲೆಯಾದರೆ ಯಾವುದಾದರೂ ಒಳ್ಳೆಯದು, ಬರದಿದ್ದರೆ ಯಾವುದೂ ಬೇಡ ಎನ್ನುತ್ತೇನೆ. ಗೆರೆಯ ಮೇಲೆ ನಿಲ್ಲುವವರು ಬೇರೆ, ಮೇಜಿನ ಹಿಂದೆ ಕೂರುವವರು ಬೇರೆ. ಗೆರೆಯ ಮೇಲಿನವರ ಕಣ್ಣಿಗೆ ಕಂಡದ್ದನ್ನು ಅವರು ನಮ್ಮೆದುರು ಹೇಳುವಂತಿರಬೇಕು. ಆ ಧೈರ್ಯ ಅವರಲ್ಲಿಲ್ಲದಿದ್ದರೆ ನಮ್ಮ ಕೈಚಳಕವೆಲ್ಲ ವ್ಯರ್ಥ. ಇದನ್ನು ಕಲಿಯಲು ನನಗೆ ಮೂವತ್ತು ವರ್ಷ ಹಿಡಿಯಿತು. ಅದರ ಬೆಲೆಯನ್ನು ನಾನು ತೆರಲಿಲ್ಲ. ಗಡಹಿಂಗ್ಲಜದ ಆ ಮಳೆಯಲ್ಲಿ ಕಡಿಮೆ ಬಿದ್ದ ಎರಡು ಅಂಕ ನನ್ನವು. ಪಟ್ಟಿಯಲ್ಲಿ ಬರೆದದ್ದು ಮಾತ್ರ ಅವಳ ಹೆಸರಿನ ಮುಂದೆ.